ಆಕಾರಗಳ ಚಿತ್ರಪುಸ್ತಕ

ವೃತ್ತ, ಚೌಕ, ತ್ರಿಕೋನ ಮೊದಲಾದ ಆಕಾರಗಳನ್ನು ಎಳೆಯ ಮಕ್ಕಳಿಗೆ ಪರಿಚಯಿಸಲೆಂದೇ ರಚಿಸಿದ ಪುಸ್ತಕ. ಓದಲು ಬಾರದವರೇ ಇದರ ಮುಖ್ಯ ಓದುಗರಾದ್ದರಿಂದ ಮಾತು ಕಡಿಮೆ, ಚಿತ್ರ ಹೆಚ್ಚು. ಕೆಲವುಗಳಲ್ಲಿ ಒಂದಕ್ಷರವೂ ಇರುವುದಿಲ್ಲ. ಅಕ್ಷರಮಾಲೆ, ಎಣಿಕೆ, ಬಣ್ಣಗಳ ಪುಸ್ತಕಗಳ ಸಾಲಿನಲ್ಲೇ ಇದನ್ನೂ ಇಡುವುದು ರೂಢಿ. ಆದರೆ ಅಕ್ಷರದ ಪುಸ್ತಕಕ್ಕಿಲ್ಲದ ತೊಡಕೊಂದು ಇದಕ್ಕಿದೆ. ಅಕ್ಷರವನ್ನು ಮಗು ಮೊದಲು ಕಾಣುವುದೇ ಹಾಳೆ, ಹಲಗೆಗಳ ಮೇಲೆ. ಆಕಾರವನ್ನಾದರೋ ಪುಸ್ತಕ ತೆರೆಯುವ ಮುಂಚೆಯೇ ಕೈಯಲ್ಲಿ ಹಿಡಿದು, ಬಾಯಿಗಿಟ್ಟು, ನೆಲಕ್ಕೆ ಉರುಳಿಸಿ ನೋಡಿರುತ್ತದೆ. ಕೈ ಬಲ್ಲದ್ದನ್ನು ಚಪ್ಪಟೆ ಹಾಳೆಯಲ್ಲಿ ಕಣ್ಣಿಗೆ ಕಾಣಿಸುವುದು ಹೇಗೆ? ಈ ಪುಸ್ತಕಗಳನ್ನು ಮಾಡಿದವರೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ಪ್ರಶ್ನೆಯೊಡನೆ ಗುದ್ದಾಡಿದವರೇ.

ಮಕ್ಕಳಿಗೆಂದು ಬಂದ ಮೊದಮೊದಲ ಪ್ರಸಿದ್ಧ ಸಚಿತ್ರ ಪುಸ್ತಕದಲ್ಲೇ ಆಕಾರಗಳಿಗೆ ಜಾಗ ಸಿಕ್ಕಿತ್ತು. ಮೊರೇವಿಯಾದ ಶಿಕ್ಷಣತಜ್ಞ ಕೊಮೇನಿಯಸ್ ಬರೆದು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿ ಅಚ್ಚಾದ ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್‌ನ 150 ಅಧ್ಯಾಯಗಳಲ್ಲಿ ಒಂದು ರೇಖಾಗಣಿತದ್ದು. ಅಲ್ಲಿ ಒಬ್ಬಾತ ಗೋಪುರದ ಎತ್ತರ ಅಳೆಯುತ್ತಾನೆ. ಅಳತೆಪಟ್ಟಿ, ಮೂಲೆಮಟ್ಟ, ಕೈವಾರ ಹಿಡಿದು ಅಂಡಾಕಾರ, ತ್ರಿಕೋನ, ಚತುರ್ಭುಜ ಬರೆಯುವುದೂ ಅವನ ಕೆಲಸದ ಭಾಗವೇ. ಆಕಾರ ಆಗಿನ್ನೂ ಬಿಡಿ ಪಾಠವಾಗಿರಲಿಲ್ಲ.

ಅದನ್ನು ಬಿಡಿ ಪಾಠವಾಗಿಸಿದ್ದು ಸ್ವಿಟ್ಜರ್‌ಲೆಂಡಿನ ಪೆಸ್ಟಾಲೋಝಿ. ಈತ 1803ರಲ್ಲಿ ಸಂಗಡಿಗರೊಡನೆ ಹೊರತಂದ ಪುಸ್ತಕ ಚೌಕವನ್ನು ಅಡಿಪಾಯವಾಗಿಟ್ಟುಕೊಂಡು, ಅದನ್ನು ಭಾಗ ಮಾಡುತ್ತ ಕಣ್ಣಿಗೆ ಅಳತೆಯ ತರಬೇತಿ ಕೊಡುವ ಪಾಠಗಳ ಸರಣಿ. ಬಲು ನೀರಸ. ಈತನ ಬಳಿ ಕೆಲಕಾಲ ಇದ್ದು ಕಲಿತ ಜರ್ಮನಿಯ ಫ್ರೋಬೆಲ್ ಪಾಠವನ್ನು ಆಟವಾಗಿಸಿದ. ಫ್ರೋಬೆಲ್ ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಹರಳುಗಳನ್ನು ವಿಂಗಡಿಸುವ ಕೆಲಸ ಮಾಡಿದವನು. ಪ್ರಕೃತಿಯೆಲ್ಲ ಆಕಾರಗಳಿಂದಲೇ ಕಟ್ಟಿದ್ದೆಂಬ ನಂಬಿಕೆಯನ್ನು ಗಟ್ಟಿ ಮಾಡಿದ್ದು ಆ ಹರಳುಗಳೇ. 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಈತ ಮಕ್ಕಳಿಗೆ ಕೊಟ್ಟ ಆಟಿಕೆಗಳಲ್ಲಿ ಎರಡನೆಯ ‘ಕೊಡುಗೆ’ ಮರದ ಗೋಳ, ಘನ, ಸಿಲಿಂಡರ್‌ಗಳ ಕಟ್ಟು. ಘನವನ್ನು ದಾರಕ್ಕೆ ಕಟ್ಟಿ ಗಿರ್ರನೆ ತಿರುಗಿಸಿದರೆ ಮೂಲೆಗಳು ಮಾಯವಾಗಿ ಅದರೊಳಗಿಂದ ಸಿಲಿಂಡರ್ ಎದ್ದುಬರುತ್ತದೆ. ಪುಸ್ತಕದ ಹಾಳೆಗೆ ಇದನ್ನು ತೋರಿಸುವ ತಾಕತ್ತಿಲ್ಲ. ಪ್ರಷ್ಯಾ ಸರ್ಕಾರ 1851ರಲ್ಲಿ ಕಿಂಡರ್‌ಗಾರ್ಟನ್ ಶಾಲೆಗಳನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1860ರಲ್ಲಿ. ಮುಂದೆ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸ್ಸೊರಿ, ಚೌಕಟ್ಟಿನಲ್ಲಿ ಕೂರಿಸಿದ ಆಕಾರಗಳ ಅಂಚನ್ನು ಮಗು ಬೆರಳಿನಿಂದ ಸವರಿ ಅರಿಯುವ ಸಲಕರಣೆ ರೂಪಿಸಿದಳು. 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದ ಈಕೆ ಯುದ್ಧದ ಕಾರಣ 1946ರವರೆಗೂ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟಳು.

ಆಕಾರಗಳೇ ಪಾತ್ರಗಳಾದ ಚಿತ್ರಪುಸ್ತಕ ಬಂದದ್ದು ಶಾಲೆಯಿಂದಲ್ಲ, ರಷ್ಯನ್ ಕ್ರಾಂತಿಯ ಕಲಾವಿದರಿಂದ. ಎಲ್ ಲಿಸಿಟ್ಸ್ಕಿ ವಿಟೆಬ್ಸ್ಕ್‌ನಲ್ಲಿದ್ದಾಗ 1920ರಲ್ಲಿ ರೂಪಿಸಿ 1922ರಲ್ಲಿ ಬರ್ಲಿನ್ನಿನಲ್ಲಿ ಪ್ರಕಟಿಸಿದ ‘ಎರಡು ಚೌಕಗಳ ಕುರಿತು’ ಕೃತಿಯಲ್ಲಿ ಕೆಂಪು ಮತ್ತು ಕಪ್ಪು ಚೌಕಗಳು ದೂರದಿಂದ ಭೂಮಿಗೆ ಹಾರಿಬರುತ್ತವೆ. ಅಲ್ಲಿನ ಕಪ್ಪು ಗೊಂದಲ ಚೆಲ್ಲಾಪಿಲ್ಲಿಯಾಗಿ ಕೆಂಪಿನ ಹೊಸ ಕಟ್ಟಡ ಏಳುತ್ತದೆ. ರಾಜಕೀಯ ಮುಚ್ಚುಮರೆಯಿಲ್ಲದ್ದು. ಆದರೂ ಸುಮ್ಮನೆ ಓದುತ್ತ ಕೂರದೆ ಕಾಗದ, ಮರದ ತುಂಡು ತೆಗೆದುಕೊಂಡು ಮಡಿಸಿ, ಬಣ್ಣ ಹಚ್ಚಿ, ಕಟ್ಟಿರಿ ಎಂದು ಮಕ್ಕಳಿಗೆ ಹೇಳುವಲ್ಲಿ ಲಿಸಿಟ್ಸ್ಕಿ ಫ್ರೋಬೆಲನ ಪಕ್ಕದಲ್ಲೇ ನಿಲ್ಲುತ್ತಾನೆ. ಇಟಲಿಯ ಬ್ರೂನೊ ಮುನಾರಿ ಚೌಕ (1960), ವೃತ್ತ (1964), ತ್ರಿಕೋನಗಳಿಗೆ (1976) ಒಂದೊಂದು ಪುಟ್ಟ ಚೌಕ ಪುಸ್ತಕ ಮೀಸಲಿಟ್ಟ. ಅವು ದೊಡ್ಡವರಿಗಾಗಿ ಮಾಡಿದವು. ಮಕ್ಕಳ ಪುಸ್ತಕಗಳ ವಿನ್ಯಾಸಗಾರರು ಮಾತ್ರ ಅವನ್ನು ಬಿಟ್ಟವರಲ್ಲ.

ಈಗ ಅಂಗಡಿಯಲ್ಲಿ ಕಾಣುವ ಬಗೆಯ ಪುಸ್ತಕ ನೆಲೆಯೂರಿದ್ದು 1960, 70ರ ದಶಕಗಳ ಅಮೆರಿಕದಲ್ಲಿ. ಎಡ್ ಎಂಬರ್ಲಿಯ ‘ದಿ ವಿಂಗ್ ಆನ್ ಎ ಫ್ಲೀ’ (1961) ಲೋಕದ ವಸ್ತುಗಳಲ್ಲೆಲ್ಲ ತ್ರಿಕೋನ, ಆಯತ, ವೃತ್ತ ಹುಡುಕಿಸುತ್ತದೆ. ಹೆಸರಿನಲ್ಲೇ ಇರುವ ಚಿಗಟಕ್ಕೆ ರೆಕ್ಕೆ ಇರುವುದಿಲ್ಲ ಎಂಬುದನ್ನು ಯಾವ ಮಗುವೂ ಕೆದಕಿದಂತಿಲ್ಲ. ಎರಿಕ್ ಕಾರ್ಲ್ 1974ರ ಪುಸ್ತಕದಲ್ಲಿ ಪುಟವನ್ನು ಅಡ್ಡಕ್ಕೆ ಸೀಳಿ ಮೇಲರ್ಧದಲ್ಲಿ ಆಕಾರ, ಕೆಳಗರ್ಧದಲ್ಲಿ ವಸ್ತು ಇಟ್ಟ. ತಿರುವಿ ತಿರುವಿ ಜೋಡಿ ಕೂಡಿಸುವುದು ಮಗುವಿನ ಪಾಲಿಗೆ.

ಈ ಸಾಲಿನಲ್ಲಿ ಎಲ್ಲರಿಗಿಂತ ಎತ್ತರದವಳು ಛಾಯಾಗ್ರಾಹಕಿ ಟಾನಾ ಹೋಬನ್ (1917–2006). ನ್ಯೂಯಾರ್ಕಿನ ಬ್ಯಾಂಕ್ ಸ್ಟ್ರೀಟ್ ಶಾಲೆಯ ಮಕ್ಕಳನ್ನು ದಾರಿಯಲ್ಲಿ ಏನು ಕಂಡಿರಿ ಎಂದು ಕೇಳಿದರೆ ಏನೂ ಇಲ್ಲ ಎನ್ನುತ್ತಿದ್ದರಂತೆ. ಕೈಗೆ ಕ್ಯಾಮೆರಾ ಕೊಟ್ಟ ಮೇಲೆ ಅದೇ ಬೀದಿ ತುಂಬಿಕೊಂಡು ಕಂಡಿತಂತೆ. ಈ ಪ್ರಸಂಗವನ್ನು ಓದಿ ತನ್ನ ಕ್ಯಾಮೆರಾವನ್ನೂ ಹಾಗೇ ತಿರುಗಿಸಿದವಳು ಹೋಬನ್. ‘ಶೇಪ್ಸ್ ಆ್ಯಂಡ್ ಥಿಂಗ್ಸ್’ (1970) ಪುಸ್ತಕಕ್ಕೆ ಕ್ಯಾಮೆರಾ ಕೂಡ ಬೇಕಾಗಲಿಲ್ಲ: ದಿನಬಳಕೆಯ ಸಾಮಾನನ್ನು ನೇರವಾಗಿ ಫೋಟೊ ಕಾಗದದ ಮೇಲಿಟ್ಟು ಬೆಳಕು ಬಿಟ್ಟರೆ ಕಪ್ಪಿನ ನಡುವೆ ಬಿಳಿಯ ಅಚ್ಚು ಉಳಿಯುತ್ತದೆ. ಒಳವಿವರವೆಲ್ಲ ಅಳಿಸಿ ಹೊರಗೆರೆಯಷ್ಟೇ ನಿಂತಾಗ ವಸ್ತುವನ್ನು ಗುರುತಿಸಬೇಕಾದ್ದು ಆಕಾರದಿಂದಲೇ. ‘ಶೇಪ್ಸ್, ಶೇಪ್ಸ್, ಶೇಪ್ಸ್’ನಲ್ಲಿ (1986) ಹುಡುಕಬೇಕಾದ ಆಕಾರಗಳನ್ನು ಆರಂಭದಲ್ಲಿ ಪಟ್ಟಿ ಮಾಡಿ, ಆಮೇಲೆ ಬಣ್ಣದ ಫೋಟೊಗಳನ್ನು ಮಾತಿಲ್ಲದೆ ಬಿಟ್ಟಿದ್ದಾಳೆ. ಒಂದೇ ಫೋಟೊದಲ್ಲಿ ಹಲವು ಆಕಾರ. ತೋರಿಸುವ ಬಾಣದ ಗುರುತಿಲ್ಲ.

ನವಜಾತ ಶಿಶುಗಳು ಖಾಲಿ ಬಣ್ಣಕ್ಕಿಂತ ವಿನ್ಯಾಸವಿರುವ ಚಿತ್ರವನ್ನು ಹೆಚ್ಚು ಹೊತ್ತು ನೋಡುತ್ತವೆಂದು ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಸ್ 1963ರಲ್ಲಿ ತೋರಿಸಿದ ಮೇಲೆ ಕೂಸುಗಳಿಗೂ ಪುಸ್ತಕ ಮಾಡುವ ಉತ್ಸಾಹ ಹುಟ್ಟಿತು. ಹೋಬನ್‌ಳ 1993ರ ಕಪ್ಪು-ಬಿಳುಪು ರಟ್ಟಿನ ಪುಸ್ತಕಗಳು ಆ ಬಗೆಯವು. ರಂಧ್ರ ಕೊರೆದ ಪುಟಗಳ ಲೋಯಿಸ್ ಎಲರ್ಟ್‌ಳ ‘ಕಲರ್ ಝೂ’ (1989) ಚಿತ್ರಪುಸ್ತಕಗಳಿಗೆ ಅಮೆರಿಕದಲ್ಲಿ ಕೊಡುವ ಕಾಲ್ಡೆಕಾಟ್ ಗೌರವ ಪಡೆಯಿತು: ದುಂಡು ರಂಧ್ರದ ಹಾಳೆ ಮಗುಚಿದರೆ ಹುಲಿಯ ಮುಖ ಹೋಗಿ ಚೌಕದೊಳಗಿನ ಇಲಿ, ಇನ್ನೊಂದು ಮಗುಚಿದರೆ ತ್ರಿಕೋನದ ನರಿ.

ಒಳ್ಳೆಯವುಗಳ ನಡುವೆ ಕಳಪೆಯವೂ ರಾಶಿ ಬಂದವು. ಇವುಗಳ ದೋಷ ಏನೆಂದು ತಿಳಿಯಲು ಡಚ್ ದಂಪತಿ ಪಿಯರ್ ಮತ್ತು ದೀನಾ ವಾನ್ ಹೀಲೆ 1957ರಲ್ಲಿ ಮಂಡಿಸಿದ ಸಿದ್ಧಾಂತ ನೆರವಾಗುತ್ತದೆ. ಅದರ ಪ್ರಕಾರ ಎಳೆಯ ಮಗು ಆಕಾರವನ್ನು ಗುರುತಿಸುವುದು ಬಾಹು, ಕೋನಗಳನ್ನು ಎಣಿಸಿ ಅಲ್ಲ, ಒಟ್ಟು ನೋಟದಿಂದ. ಪುಸ್ತಕದ ತ್ರಿಕೋನಗಳೆಲ್ಲ ಸಮಬಾಹುವಾಗಿದ್ದು ತುದಿ ಮೇಲೆ ಮಾಡಿಯೇ ನಿಂತರೆ, ತಲೆಕೆಳಗಾದದ್ದು ಅಥವಾ ಸಪೂರವಾದದ್ದು ಮಗುವಿಗೆ ತ್ರಿಕೋನವೇ ಅಲ್ಲ. ಚೌಕವನ್ನು ಓರೆ ಮಾಡಿ ‘ವಜ್ರಾಕೃತಿ’ ಎನ್ನುವುದು, ಚೆಂಡನ್ನು ವೃತ್ತವೆನ್ನುವುದು, ಚೌಕವೂ ಒಂದು ಆಯತವೇ ಎಂಬುದನ್ನು ಮರೆಸುವುದು ಉಳಿದ ಚಾಳಿಗಳು. ಗಣಿತ ಶಿಕ್ಷಣ ಸಂಶೋಧಕಿ ಜೂಲಿ ನರ್ನ್‌ಬರ್ಗರ್-ಹಾಗ್ 2017ರ ಅಧ್ಯಯನದಲ್ಲಿ ಆಕಾರದ ಪುಸ್ತಕಗಳ ಇಂಥ ತಪ್ಪುಗಳನ್ನು ಎತ್ತಿ ತೋರಿಸಿದ್ದಾಳೆ. ಮನೆಮುಂದೆ ಚುಕ್ಕಿ ರಂಗೋಲಿ ನೋಡಿ ಬೆಳೆದ ಮಗುವಿಗೆ ಓರೆ ಚೌಕ ಹೊಸತಾಗಬೇಕಿಲ್ಲ: ಒಂದು, ಮೂರು, ಐದು, ಏಳು ಎಂದು ಏರಿ ಹಾಗೇ ಒಂದಕ್ಕಿಳಿಯುವ ಚುಕ್ಕಿಗಳು ಮೂಲೆಯ ಮೇಲೆ ನಿಂತ ಚೌಕವನ್ನೇ ಕೊಡುತ್ತವೆ, ನಾಲ್ಕರಿಂದ ಏಳಕ್ಕೇರಿ ಇಳಿಯುವ ಸಾಲುಗಳನ್ನು ಸಂದಿಗೆ ಸಂದಿ ಕೂರಿಸಿದರೆ ಷಟ್ಕೋನ.

ಗಣಿತ ಶಿಕ್ಷಕ ಕ್ರಿಸ್ಟೊಫರ್ ಡ್ಯಾನಿಯೆಲ್ಸನ್‌ನ 2016ರ ಪುಸ್ತಕ ಹೆಸರು ಕಲಿಸುವ ಗೋಜಿಗೇ ಹೋಗುವುದಿಲ್ಲ. ಪ್ರತಿ ಪುಟದಲ್ಲೂ ನಾಲ್ಕು ಆಕಾರಗಳಿದ್ದು ಗುಂಪಿಗೆ ಸೇರದ್ದು ಯಾವುದೆಂದು ಕೇಳುತ್ತದೆ. ಕಾರಣ ಕೊಟ್ಟರೆ ನಾಲ್ಕೂ ಸರಿ. ಮ್ಯಾಕ್ ಬಾರ್ನೆಟ್ ಮತ್ತು ಜಾನ್ ಕ್ಲಾಸೆನ್‌ರ ತ್ರಿಕೋನ, ಚೌಕ, ವೃತ್ತಗಳ ಮೂರು ಪುಸ್ತಕಗಳಲ್ಲಿ (2017–19) ಪಾಠವೇ ಇಲ್ಲ. ಕಣ್ಣು ಕಾಲು ಮೂಡಿದ ಆಕಾರಗಳ ಕಿಡಿಗೇಡಿತನದ ಕಥೆಗಳು ಅವು.

ಕನ್ನಡದ ಮಕ್ಕಳಿಗೆ ಆಕಾರಗಳು ಬಹುಕಾಲ ಬಂದದ್ದು ಪುಸ್ತಕದಿಂದಲ್ಲ, ಶಿಶುವಿಹಾರ, ಅಂಗನವಾಡಿಗಳ ಗೋಡೆಯ ಪಟಗಳಿಂದ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಪಾಠವನ್ನು ಕಾರ್ಡುಗಳಾಗಿ ಬಿಡಿಸಿ ಮಕ್ಕಳ ಕೈಗಿತ್ತಿತು. ಚೆನ್ನೈನ ಪ್ರಕಾಶನ ಸಂಸ್ಥೆ ತೂಲಿಕಾ, 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಹಲವು ಭಾಷೆಗಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ತಂದವು. ಪ್ರಥಮ್‌ನ ಸ್ಟೋರಿವೀವರ್ (2015) ತಾಣದಲ್ಲಿ ಯಾರು ಬೇಕಾದರೂ ಅನುವಾದಿಸಿ ಮುದ್ರಿಸಿಕೊಳ್ಳಬಹುದು. ಅನುವಾದದಲ್ಲಿ ಮಾತು ಬದಲಾಗುತ್ತದೆ, ಚಿತ್ರ ಹಾಗೇ ಉಳಿಯುತ್ತದೆ. ಅಮೆರಿಕದ ಮಾದರಿ ನೋಡಿ ಮಾಡಿದ ಪಟಗಳಲ್ಲಿ ಅಷ್ಟಕೋನಕ್ಕೆ ರಸ್ತೆಯ ‘ಸ್ಟಾಪ್’ ಫಲಕವೇ ಈಗಲೂ ಉದಾಹರಣೆ. ನಮ್ಮ ಊರಿನ ತಿರುವುಗಳಲ್ಲಿ ಅದನ್ನು ಹುಡುಕಿದರೂ ಸಿಗುವುದು ಕಷ್ಟ.