ಊರ್ಧ್ವ ಮಹಾಭಿಧಮನಿಯ ತಡೆ ಮತ್ತು ಶಸ್ತ್ರಚಿಕಿತ್ಸೆ

ತಲೆ, ಕತ್ತು, ತೋಳುಗಳ ರಕ್ತವನ್ನು ಹೃದಯದ ಬಲ ಹೃತ್ಕರ್ಣಕ್ಕೆ ತಲುಪಿಸುವ, ಸುಮಾರು 7 ಸೆಂ.ಮೀ. ಉದ್ದದ ರಕ್ತನಾಳ ಊರ್ಧ್ವ ಮಹಾಭಿಧಮನಿ. ವೈದ್ಯರ ಬಾಯಲ್ಲಿ ಸುಪೀರಿಯರ್ ವೀನಾ ಕೇವಾ. ಇದರ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ಹೀಗಾಗಿ ಎದೆಗೂಡಿನಲ್ಲಿ ಬೆಳೆದ ಗಡ್ಡೆ ಇದನ್ನು ಸುಲಭವಾಗಿ ಅದುಮುತ್ತದೆ. ಈ ತಡೆಯನ್ನು 1757ರಲ್ಲಿ ಮೊದಲು ವರ್ಣಿಸಿದ ವಿಲಿಯಂ ಹಂಟರ್ ಕಂಡ ಕಾರಣ ಗಡ್ಡೆಯಲ್ಲ, ಸಿಫಿಲಿಸ್‌ನಿಂದ ಉಬ್ಬಿದ ಮಹಾಪಧಮನಿ. ಇಂದಿನ ಕಾರಣಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಮತ್ತು ಲಿಂಫೋಮಾಗಳೇ (ದುಗ್ಧರಸ ವ್ಯೂಹದ ಕ್ಯಾನ್ಸರ್) ಹೆಚ್ಚು.

ನಾಳಕ್ಕೆ ತಡೆಯಾದರೆ ಬೆಳಿಗ್ಗೆ ಏಳುವಾಗ ಮುಖ ಊದಿರುತ್ತದೆ, ಅಂಗಿಯ ಕಾಲರ್ ಬಿಗಿಯಾಗುತ್ತದೆ, ಎದೆಯ ಮೇಲೆ ರಕ್ತನಾಳಗಳು ಉಬ್ಬಿ ಕಾಣುತ್ತವೆ. ತೋಟದಲ್ಲಿ ಉದುರಿದ ಕಾಫಿ ಹಣ್ಣು ಹೆಕ್ಕಲು ಬಗ್ಗಿದರೆ ತಲೆಭಾರ ಏರುತ್ತದೆ. ಇದನ್ನು ಆಯಾಸವೆಂದೋ ಅಲರ್ಜಿಯೆಂದೋ ತಳ್ಳಿಹಾಕಬಾರದು.

ಮೊದಲು ಸಿ.ಟಿ. ಸ್ಕ್ಯಾನ್, ಬಯಾಪ್ಸಿ. ಲಿಂಫೋಮಾ ಕಿಮೋಥೆರಪಿಗೆ ಕರಗುವುದರಿಂದ ಅಲ್ಲಿ ಚಾಕುವಿಗೆ ಸಾಮಾನ್ಯವಾಗಿ ಕೆಲಸವಿಲ್ಲ. ತುರ್ತಾದರೆ ಸ್ಟೆಂಟ್ ಹಾಕಿ ದಾರಿ ಬಿಡಿಸುತ್ತಾರೆ. ಶಸ್ತ್ರಚಿಕಿತ್ಸೆ ಸಲ್ಲುವುದು ಮುಖ್ಯವಾಗಿ ಥೈಮಸ್ ಗಡ್ಡೆಗಳಿಗೆ ಮತ್ತು ಆಯ್ದ ಕೆಲವು ಶ್ವಾಸಕೋಶದ ಗಡ್ಡೆಗಳಿಗೆ. ಎದೆಮೂಳೆ ಸೀಳಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ನಾಳಕ್ಕೆ ಕ್ಲ್ಯಾಂಪ್ ಹಾಕಿ ಗಡ್ಡೆಯನ್ನು ತೆಗೆಯುತ್ತಾರೆ. ಗೋಡೆಯ ಚೂರು ಮಾತ್ರ ಹೋದರೆ ಹೃದಯದ ಹೊರಪೊರೆಯ ತೇಪೆ ಸಾಕು. ಇಡೀ ನಾಳವೇ ಹೋದರೆ ಪಿ.ಟಿ.ಎಫ್.ಇ. ಕೃತಕ ಕೊಳವೆ ಜೋಡಿಸಬೇಕು. ಕ್ಲ್ಯಾಂಪ್ ಹಾಕಿದ ಆ ನಿಮಿಷಗಳಲ್ಲಿ ಮಿದುಳಿನ ರಕ್ತ ಇಳಿಯಲು ದಾರಿ ಉಳಿಸುವುದೇ ಅರಿವಳಿಕೆ ತಜ್ಞರ ನಿಜವಾದ ಪರೀಕ್ಷೆ.

ಇಂಥ ಚಿಕಿತ್ಸೆಗೆ ದೊಡ್ಡ ಕೇಂದ್ರವೇ ಬೇಕು. ಮಲೆನಾಡಿನ ಕಾಫಿ ಸೀಮೆಯಲ್ಲಿ ಕಳಸದವರಿಗೆ ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲ, ಮೂಡಿಗೆರೆಯವರಿಗೆ ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಹತ್ತಿರ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆಯಿದೆ. ಮಳೆಗಾಲದಲ್ಲಿ ಘಾಟಿ ಕುಸಿದರೆ ಈ ದಾರಿ ಇನ್ನೂ ಉದ್ದವಾಗುತ್ತದೆ.