ಅಡುಗೆಮನೆಯ ಚಾಕುವಿಗೆ ಮನೆಯಲ್ಲೇ ಸಾಣೆ

ಹಣ್ಣಾದ ಟೊಮೆಟೊ ಮೇಲೆ ಚಾಕು ಇಟ್ಟು ಎಳೆದಾಗ ಸಿಪ್ಪೆ ಸೀಳದೆ ಒಳಕ್ಕೆ ಕುಸಿದು, ರಸ ಬೀಜ ಎಲ್ಲ ಹೊರಗೆ ಚಿಮ್ಮಿದರೆ ಆ ಚಾಕುವಿನ ಬಾಯಿ ಹೋಗಿದೆ ಎಂದೇ ತಿಳಿಯಬೇಕು. ಎಷ್ಟೋ ಮನೆಗಳಲ್ಲಿ ಇಂಥ ಚಾಕುವಿನಲ್ಲೇ ವರ್ಷಗಟ್ಟಲೆ ತರಕಾರಿ ಹೆಚ್ಚುತ್ತಾರೆ. ತೀರಾ ಕೈಲಾಗದು ಎನ್ನಿಸಿದಾಗ ಹೊಸದು ಬರುತ್ತದೆ, ಹಳೆಯದು ತೆಂಗಿನ ಹೋಳಿನಿಂದ ಕಾಯಿ ಎಬ್ಬಿಸುವ ಕೆಲಸಕ್ಕೆ ಇಳಿಯುತ್ತದೆ. ಇದರಲ್ಲಿ ಖರ್ಚಿಗಿಂತ ದೊಡ್ಡ ವಿಷಯ ಅಪಾಯ. ಮೊಂಡು ಚಾಕುವನ್ನು ಬಲವಾಗಿ ಒತ್ತಬೇಕಾಗುತ್ತದೆ, ಬಲವಾಗಿ ಒತ್ತಿದ್ದು ಜಾರಿದರೆ ಅಷ್ಟೇ ಬಲವಾಗಿ ಬೆರಳಿಗೆ ಬೀಳುತ್ತದೆ. ಸೀಳುಗಂಡಿಯಲ್ಲಿ ಚಾಕು ಎಳೆಯುವ ಕೈ ಶಾರ್ಪನರ್ ಈಗ ಪಾತ್ರೆ ಅಂಗಡಿಗಳಲ್ಲೂ ಸುಲಭವಾಗಿ ಸಿಗುತ್ತದೆ. ಅದರೊಳಗೆ ನಡೆಯುವುದೇನು ಎಂದು ತಿಳಿದು ಹಿತಮಿತವಾಗಿ ಬಳಸಿದರೆ ಸಾಧಾರಣ ಸ್ಟೀಲ್ ಚಾಕು ಬಹುಕಾಲ ಹರಿತವಾಗಿ ಉಳಿಯುತ್ತದೆ. ತಿಳಿಯದೆ ಒತ್ತಿ ಎಳೆದರೆ ಅದೇ ಸಾಧನ ಚಾಕುವನ್ನು ಸವೆಸಿ ಮುಗಿಸುತ್ತದೆ.

ಅಲಗು ಮೊಂಡಾಗುವ ಬಗೆ

ಚಾಕುವಿನ ಎರಡು ಪಕ್ಕಗಳು ಇಳಿಜಾರಾಗಿ ಬಂದು ಕೂಡುವ ಗೆರೆಯೇ ಅದರ ಬಾಯಿ. ಚೆನ್ನಾಗಿ ಹರಿತವಿರುವ ಅಲಗಿನಲ್ಲಿ ಈ ಗೆರೆಯ ದಪ್ಪ ಒಂದು ಮೈಕ್ರಾನ್ ಆಸುಪಾಸು ಇರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಕೈಯ ಬಲವೆಲ್ಲ ಇಷ್ಟು ಕಿರಿದಾದ ಗೆರೆಯ ಮೇಲೆ ಬೀಳುವುದರಿಂದಲೇ ಚಾಕು ಸಲೀಸಾಗಿ ಇಳಿಯುತ್ತದೆ. ಗೆರೆ ದಪ್ಪವಾದಷ್ಟೂ ಅದೇ ಬಲ ಹರಡಿಹೋಗಿ, ತರಕಾರಿ ಸೀಳುವ ಬದಲು ಜಜ್ಜಿಹೋಗುತ್ತದೆ. ಮೊಂಡು ಚಾಕುವಿನಲ್ಲಿ ಈರುಳ್ಳಿ ಹೆಚ್ಚಿದರೆ ಕಣ್ಣೀರು ಜಾಸ್ತಿ ಬರುವುದಕ್ಕೂ ಇದೇ ಕಾರಣ: ಹೆಚ್ಚು ಜೀವಕೋಶಗಳು ಒಡೆದು ಕಣ್ಣುರಿಸುವ ಅಂಶ ಹೆಚ್ಚಾಗಿ ಹೊರಬರುತ್ತದೆ.

ಇಷ್ಟು ತೆಳುವಾದ ಬಾಯಿ ಮೂರು ರೀತಿಯಲ್ಲಿ ಕೆಡುತ್ತದೆ. ಒಂದು ಪಕ್ಕಕ್ಕೆ ಬಾಗುತ್ತದೆ, ಸವೆದು ಉರುಟಾಗುತ್ತದೆ, ಅಥವಾ ಅಲ್ಲಲ್ಲಿ ಚೂರು ಹಾರುತ್ತದೆ. ಬರೀ ಬಾಗಿದ್ದರೆ ನೆಟ್ಟಗೆ ಮಾಡಿದರೆ ಸಾಕು, ಲೋಹ ತೆಗೆಯಬೇಕಿಲ್ಲ. ಉರುಟಾಗಿದ್ದರೆ ಅಥವಾ ಚೂರು ಹಾರಿದ್ದರೆ ಮಾತ್ರ ಲೋಹ ಸವೆಸಿ ಹೊಸ ಬಾಯಿ ತರಬೇಕು. ಈ ವ್ಯತ್ಯಾಸ ತಿಳಿದಿದ್ದರೆ ಶಾರ್ಪನರ್ ಎಷ್ಟು ಸಲ ಕೈಗೆತ್ತಿಕೊಳ್ಳಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಮೆತ್ತನೆಯ ವಸ್ತು ಗಟ್ಟಿ ಉಕ್ಕನ್ನು ಹೇಗೆ ಕೆಡಿಸುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ಎಂಐಟಿ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರ ಕೊಟ್ಟಿದೆ. ಅವರು ನೋಡಿದ್ದು ಕ್ಷೌರದ ಬ್ಲೇಡನ್ನು. ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು, ಓರೆಯಾಗಿ ಬಾಗಿ ತಾಗಿದಾಗ, ಬ್ಲೇಡಿನ ಅಂಚಿನಿಂದ ಸೂಕ್ಷ್ಮ ಚೂರುಗಳನ್ನು ಎಬ್ಬಿಸುತ್ತಿತ್ತು. ಅಡುಗೆಮನೆಯಲ್ಲಾದರೋ ಚಾಕುವಿಗೆ ತರಕಾರಿಗಿಂತ ದೊಡ್ಡ ಪೆಟ್ಟು ಕೊಡುವುದು ಅದರ ಕೆಳಗಿರುವ ನೆಲೆ. ಸ್ಟೀಲ್ ತಟ್ಟೆ, ಗಾಜಿನ ಹಲಗೆ, ಗ್ರಾನೈಟ್ ಕಟ್ಟೆ ಇವುಗಳ ಮೇಲೆ ಪ್ರತಿ ಸಲ ಚಾಕು ತಾಗಿದಾಗಲೂ ಬಾಯಿ ಒಂದಿಷ್ಟು ಮಡಚಿಕೊಳ್ಳುತ್ತದೆ.

ಶಾರ್ಪನರ್ ಒಳಗೆ

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾದರಿಯಲ್ಲಿ ಎರಡು ಅಥವಾ ಮೂರು ಗಂಡಿಗಳಿರುತ್ತವೆ. ಒರಟು ಗಂಡಿಯೊಳಗೆ ಇಣುಕಿದರೆ ಎರಡು ಪುಟ್ಟ ಲೋಹದ ಪಟ್ಟಿಗಳು ಒಂದನ್ನೊಂದು ದಾಟಿ ಇಂಗ್ಲಿಷಿನ ‘ವಿ’ ಆಕಾರದಲ್ಲಿ ನಿಂತಿರುವುದು ಕಾಣುತ್ತದೆ. ಇವು ಟಂಗ್‌ಸ್ಟನ್ ಕಾರ್ಬೈಡ್‌ನವು. ಕಾರ್ಖಾನೆಗಳಲ್ಲಿ ಉಕ್ಕನ್ನೇ ಕಡೆಯುವ ಉಳಿಗಳ ತುದಿಗೆ ಕೂರಿಸುವುದೂ ಇದೇ ವಸ್ತು. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇದನ್ನು ‘ವಿಡಿಯಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಹೆಸರಿನ ಕಾರ್ಖಾನೆ ಬೆಂಗಳೂರಿನ ತುಮಕೂರು ರಸ್ತೆಯಲ್ಲೂ ನೆಲೆಯೂರಿತು. ನುಣುಪು ಗಂಡಿಯಲ್ಲಿ ಬಿಳಿ ಸೆರಾಮಿಕ್ ಕಡ್ಡಿಗಳೋ ಚಕ್ರಗಳೋ ಇರುತ್ತವೆ. ಮೂರು ಗಂಡಿಯ ಮಾದರಿಗಳಲ್ಲಿ ಒಂದರಲ್ಲಿ ವಜ್ರದ ಪುಡಿ ಲೇಪಿಸಿದ ಪಟ್ಟಿ ಇರುವುದುಂಟು.

ಕಾರ್ಬೈಡ್ ಪಟ್ಟಿಗಳು ಮಾಡುವುದು ಮಸೆಯುವ ಕೆಲಸವಲ್ಲ, ಹೆರೆಯುವ ಕೆಲಸ. ಮಸೆಗಲ್ಲಿನ ಮೇಲೆ ಚಾಕು ಉಜ್ಜಿದಾಗ ಅದರ ಗೀರುಗಳು ಬಾಯಿಗೆ ಅಡ್ಡಲಾಗಿ ಮೂಡುತ್ತವೆ. ಗಂಡಿಯಲ್ಲಿ ಎಳೆದಾಗ ಪಟ್ಟಿಯ ಮೂಲೆ ಬಾಯಿಯ ಉದ್ದಕ್ಕೂ ಜಾರುತ್ತಾ ಲೋಹವನ್ನು ಎಳೆಎಳೆಯಾಗಿ ಕಿತ್ತು ತೆಗೆಯುತ್ತದೆ. ಕೆಲಸ ಬೇಗ ಆಗುತ್ತದೆ, ಬಾಯಿ ಒರಟಾಗಿ ಬರುತ್ತದೆ. ಆ ಒರಟುತನವನ್ನು ಸರಿಪಡಿಸುವುದಕ್ಕೇ ಸೆರಾಮಿಕ್ ಗಂಡಿ ಇರುವುದು. ಒರಟು ಗಂಡಿಯಲ್ಲಿ ನಾಲ್ಕು ಸಲ ಎಳೆದು ‘ಆಯಿತು’ ಎಂದು ಎದ್ದುಬಿಡುವವರ ಚಾಕು ಎರಡೇ ದಿನದಲ್ಲಿ ಮತ್ತೆ ಮೊಂಡಾಗುವುದರಲ್ಲಿ ಆಶ್ಚರ್ಯವಿಲ್ಲ.

ಕೋನದ ಲೆಕ್ಕ

ಯುರೋಪಿನ ಮಾದರಿಯ ಅಡುಗೆ ಚಾಕುಗಳಲ್ಲಿ ಪ್ರತಿ ಪಕ್ಕದ ಇಳಿಜಾರು ಸುಮಾರು 20 ಡಿಗ್ರಿ, ಜಪಾನಿನ ಬಹುತೇಕ ಚಾಕುಗಳಲ್ಲಿ ಸುಮಾರು 15 ಡಿಗ್ರಿ. ಎಲುಬು ಕಡಿಯುವ ಮಚ್ಚಿನಂಥವುಗಳಲ್ಲಿ ಇದು 25 ಡಿಗ್ರಿಗೂ ಹೆಚ್ಚಿರುತ್ತದೆ. ಕೋನ ಕಿರಿದಾದರೆ ಚಾಕು ಸಲೀಸಾಗಿ ಇಳಿಯುತ್ತದೆ, ಬಾಯಿ ಮಾತ್ರ ಸೂಕ್ಷ್ಮ. ಅಗಲವಾದರೆ ತಾಳಿಕೆ ಹೆಚ್ಚು, ನವಿರು ಕಡಿಮೆ. ಕೈ ಶಾರ್ಪನರಿನಲ್ಲಿ ಕೋನವನ್ನು ತಯಾರಕರೇ ನಿಗದಿ ಮಾಡಿರುತ್ತಾರೆ, ಕಲ್ಲಿನ ಮೇಲೆ ಮಸೆಯುವವರು ಬಹುಕಾಲ ಅಭ್ಯಾಸ ಮಾಡಿ ಸಾಧಿಸುವ ಕೈಹಿಡಿತ ಇಲ್ಲಿ ಬೇಕಿಲ್ಲ. ಹೊಸಬರಿಗೆ ಇದು ದೊಡ್ಡ ಅನುಕೂಲ ಎಂಬುದನ್ನು ಒಪ್ಪಲೇಬೇಕು. ಆದರೆ ಚಾಕುವಿನ ಮೂಲ ಕೋನ ಗಂಡಿಯ ಕೋನಕ್ಕಿಂತ ಬೇರೆಯಾಗಿದ್ದರೆ ಶಾರ್ಪನರ್ ತನ್ನ ಕೋನವನ್ನೇ ಚಾಕುವಿನ ಮೇಲೆ ಹೇರುತ್ತದೆ. ಅದಕ್ಕಾಗಿ ಮೊದಲ ಸಲ ತುಸು ಹೆಚ್ಚು ಲೋಹ ಸವೆಯುತ್ತದೆ.

ಎಳೆಯುವ ಕ್ರಮ

ಮೊದಲು ಚಾಕು ತೊಳೆದು ಒರೆಸಬೇಕು. ಒಣಗಿ ಅಂಟಿದ ತರಕಾರಿಯ ಕಸ, ಹಲಸಿನ ಮೇಣ ಗಂಡಿಯೊಳಗೆ ಹೋದರೆ ಸೆರಾಮಿಕ್‌ನ ಮೈ ಮುಚ್ಚಿಹೋಗುತ್ತದೆ. ಮೇಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸಿ, ಆಮೇಲೆ ಸೋಪಿನಲ್ಲಿ ತೊಳೆದರೆ ಜಿಡ್ಡೂ ಉಳಿಯುವುದಿಲ್ಲ.

ಶಾರ್ಪನರನ್ನು ಗಟ್ಟಿಯಾದ ಮೇಜಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಡಬೇಕು. ಗಾಳಿಯಲ್ಲಿ ಹಿಡಿದುಕೊಂಡು ಎಳೆಯುವುದು ಸಲ್ಲದು. ಬಲಗೈಯವರು ಎಡಗೈಯಿಂದ ಅದರ ಹಿಡಿಯನ್ನು ಮೇಜಿಗೆ ಒತ್ತಿ ಹಿಡಿದು, ಬೆರಳುಗಳೆಲ್ಲ ಗಂಡಿಯಿಂದ ದೂರ ಇವೆಯೇ ಎಂದು ನೋಡಿಕೊಳ್ಳಬೇಕು. ಚಾಕುವಿನ ಹಿಡಿಗೆ ಹತ್ತಿರದ ಭಾಗವನ್ನು ಒರಟು ಗಂಡಿಯ ತಳಕ್ಕೆ ಇಳಿಸಿ, ಅಲಗು ಆಚೀಚೆ ವಾಲದಂತೆ ನೆಟ್ಟಗೆ ನಿಲ್ಲಿಸಿ, ಮೊನೆಯವರೆಗೆ ಒಂದೇ ವೇಗದಲ್ಲಿ ತನ್ನೆಡೆಗೆ ಎಳೆಯಬೇಕು. ಮೊನೆ ಗಂಡಿ ದಾಟಿದ ಮೇಲೆ ಚಾಕುವನ್ನು ಎತ್ತಿ ಮತ್ತೆ ಹಿಡಿಯ ಬುಡದಿಂದಲೇ ಶುರು ಮಾಡಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಈಗಷ್ಟೇ ಮೂಡಿದ ಬಾಯಿ ಚಿಂದಿಯಾಗುತ್ತದೆ.

ಒತ್ತಡದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಚಾಕುವಿನ ತೂಕಕ್ಕೆ ಕೈಯ ತೂಕ ಅಲ್ಪಸ್ವಲ್ಪ ಸೇರಿದರೆ ಸಾಕು. ಮೊದಲ ಎಳೆತದಲ್ಲಿ ‘ಕರಕರ’ ಎಂಬ ಒರಟು ಸದ್ದು ಕೇಳಿಸುತ್ತದೆ, ಅಲ್ಲಲ್ಲಿ ತಡೆದಂತೆ ಕೈಗೆ ಗೊತ್ತಾಗುತ್ತದೆ. ಮೂರನೆಯದೋ ನಾಲ್ಕನೆಯದೋ ಎಳೆತಕ್ಕೆ ಸದ್ದು ತೆಳುವಾಗಿ ಚಲನೆ ನಯವಾಗುತ್ತದೆ. ಒರಟು ಗಂಡಿಯಲ್ಲಿ ಅಲ್ಲಿಗೆ ನಿಲ್ಲಿಸಬೇಕು. ಬಳಿಕ ಸೆರಾಮಿಕ್ ಗಂಡಿಯಲ್ಲಿ ಇನ್ನೂ ಹಗುರವಾಗಿ ಆರೆಂಟು ಸಲ. ಚಾಕುವಿನ ಹೊಟ್ಟೆ ಬಾಗಿದ್ದರೆ, ಮೊನೆಯ ಹತ್ತಿರ ಬರುತ್ತಿದ್ದಂತೆ ಹಿಡಿಯನ್ನು ತುಸು ಮೇಲೆತ್ತಬೇಕು, ಇಲ್ಲದಿದ್ದರೆ ಆ ಬಾಗು ಗಂಡಿಗೆ ತಾಗುವುದೇ ಇಲ್ಲ. ಮೊನೆಯನ್ನು ‘ಟಕ್’ ಎಂದು ಕೆಳಗೆ ಬೀಳಿಸಿದರೆ ಅದು ದಿನಕಳೆದಂತೆ ಉರುಟಾಗುತ್ತದೆ.

ಮುಗಿದ ಮೇಲೆ ಒದ್ದೆ ಬಟ್ಟೆಯನ್ನು ಚಾಕುವಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಎಳೆದು ಒರೆಸಿ ನೋಡಿ. ಬಟ್ಟೆಯ ಮೇಲೆ ಬೂದುಗಪ್ಪು ಗೆರೆ ಮೂಡುತ್ತದೆ. ಅದು ಉಕ್ಕಿನ ಪುಡಿ. ಒರೆಸದೆ ಸೌತೆಕಾಯಿ ಹೆಚ್ಚಿದರೆ ಅದೇ ಪುಡಿ ಕೋಸಂಬರಿಗೆ ಸೇರುತ್ತದೆ. ಆದ್ದರಿಂದ ಒರೆಸಿದ ಮೇಲೂ ಒಮ್ಮೆ ತೊಳೆಯುವುದು ಕಡ್ಡಾಯ. ಶಾರ್ಪನರನ್ನೂ ತಲೆಕೆಳಗು ಮಾಡಿ ತಟ್ಟಿ ಒಳಗಿನ ಪುಡಿ ಕೊಡವಬೇಕು, ಊದಬಾರದು, ಕಣ್ಣಿಗೆ ಹಾರುತ್ತದೆ.

ಹರಿತ ಬಂದಿದೆಯೇ

ಹೆಬ್ಬೆರಳನ್ನು ಬಾಯಿಯ ಉದ್ದಕ್ಕೆ ಎಳೆದು ನೋಡುವ ಅಭ್ಯಾಸ ಬೇಡವೇ ಬೇಡ. ದೀಪದ ಕೆಳಗೆ ಚಾಕುವಿನ ಬಾಯಿಯನ್ನು ಮೇಲ್ಮುಖ ಮಾಡಿ ಹಿಡಿದು ನೋಡಿ. ಹರಿತವಾದ ಬಾಯಿ ಕಾಣಿಸುವುದೇ ಇಲ್ಲ, ಮೊಂಡಾದ ಜಾಗ ಬೆಳಕನ್ನು ಹಿಮ್ಮರಳಿಸಿ ಬೆಳ್ಳಗೆ ಮಿನುಗುತ್ತದೆ. ಎಲ್ಲಿ ಮಿನುಗುತ್ತದೋ ಅಲ್ಲಿ ಇನ್ನೂ ಕೆಲಸ ಬಾಕಿಯಿದೆ. ಹಿಡಿಯ ಬುಡದಲ್ಲಿ ಇಂಥ ಮಿನುಗು ಹೆಚ್ಚಾಗಿ ಉಳಿಯುತ್ತದೆ, ಯಾಕೆಂದರೆ ಆ ತುದಿ ಗಂಡಿಯೊಳಗೆ ಪೂರ್ತಿ ಕೂರುವುದಿಲ್ಲ. ಹಳೆಯ ದಿನಪತ್ರಿಕೆಯ ಹಾಳೆ ನೇತುಹಿಡಿದು ಮೇಲಿನಿಂದ ಕೆಳಕ್ಕೆ ಸೀಳಿದರೂ ತಿಳಿಯುತ್ತದೆ. ಒಂದೇ ಕಡೆ ಕಾಗದ ಹರಿದಂತಾದರೆ ಅಲ್ಲಿ ಚೂರು ಹಾರಿದೆ ಅಥವಾ ಲೋಹದ ಸಿಬರು ಅಂಟಿಕೊಂಡಿದೆ. ಸೆರಾಮಿಕ್ ಗಂಡಿಯಲ್ಲಿ ಮತ್ತೆರಡು ಸಲ ತೀರಾ ಹಗುರವಾಗಿ ಎಳೆದರೆ ಸಿಬರು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಈ ಗಂಡಿಗೆ ಸಲ್ಲದವು

ಬ್ರೆಡ್ ಕತ್ತರಿಸುವ ಹಲ್ಲಿನ ಚಾಕುವನ್ನು ಇದರಲ್ಲಿ ಎಳೆದರೆ ಹಲ್ಲುಗಳು ಸವೆಯುತ್ತವೆ. ಬಿಳಿ ಸೆರಾಮಿಕ್ ಚಾಕು ಉಕ್ಕಿನದಲ್ಲ, ಜಿರ್ಕೋನಿಯಾದ್ದು. ಕಾರ್ಬೈಡ್ ಗಂಡಿಯಲ್ಲಿ ಅದರ ಬಾಯಿ ಚೂರುಚೂರಾಗುತ್ತದೆ, ಅದಕ್ಕೆ ವಜ್ರದ ಲೇಪವೇ ಬೇಕು. ಒಂದೇ ಪಕ್ಕಕ್ಕೆ ಇಳಿಜಾರಿರುವ ಜಪಾನಿನ ಮೀನು ಚಾಕುಗಳ ವಿನ್ಯಾಸವೇ ಇದರಿಂದ ಹಾಳಾಗುತ್ತದೆ. ಬೆಲೆಬಾಳುವ ಗಡಸು ಚಾಕುಗಳ ವಿಷಯದಲ್ಲೂ ಎಚ್ಚರ ಬೇಕು. ಯುರೋಪಿನ ಮಾದರಿಯ ಸ್ಟೇನ್‌ಲೆಸ್ ಚಾಕುಗಳ ಗಡಸುತನ ರಾಕ್‌ವೆಲ್ ಮಾಪಕದಲ್ಲಿ ಸಾಮಾನ್ಯವಾಗಿ 54ರಿಂದ 58, ಜಪಾನಿನವು ಹಲವು 60 ದಾಟುತ್ತವೆ. ಗಡಸು ಹೆಚ್ಚಿದಂತೆ ಉಕ್ಕು ಬಾಗುವ ಬದಲು ಒಡೆಯುತ್ತದೆ, ಕಾರ್ಬೈಡ್ ಪಟ್ಟಿ ಅದರಿಂದ ಚೂರು ಹಾರಿಸಬಲ್ಲದು. ಅಂಥವಕ್ಕೆ ಕಲ್ಲೇ ಸರಿ.

ನಮ್ಮ ಈಳಿಗೆ ಮಣೆ, ಕರಾವಳಿ-ಮಲೆನಾಡಿನವರ ಮೆಟ್ಟುಕತ್ತಿ ಇವನ್ನಂತೂ ಗಂಡಿಯಲ್ಲಿ ಎಳೆಯುವ ಮಾತೇ ಇಲ್ಲ. ಅಲಗು ಮಣೆಗೆ ಕೂತಿರುವುದರಿಂದ ಕಲ್ಲನ್ನೇ ಅದರ ಬಳಿಗೆ ಒಯ್ಯಬೇಕು. ಅಂಗೈಗೆ ಹಿಡಿಸುವ ಚಿಕ್ಕ ಮಸೆಗಲ್ಲನ್ನು ಒದ್ದೆ ಮಾಡಿ, ಅಲಗಿನ ಇಳಿಜಾರಿಗೆ ಒತ್ತಿ, ಬೆನ್ನಿನಿಂದ ಬಾಯಿಯತ್ತ ನಿಧಾನವಾಗಿ ಸವರುತ್ತಾ ಬಾಗಿನುದ್ದಕ್ಕೂ ಸಾಗಬೇಕು. ಕಮ್ಮಾರರು ಬಡಿದ ಹಳೆಯ ಈಳಿಗೆಗಳಲ್ಲಿ ಇರುವುದು ಇಂಗಾಲದ ಉಕ್ಕು. ಹುಣಸೆ, ನಿಂಬೆ ತಾಗಿದರೆ ಕಪ್ಪಾಗುತ್ತದೆ, ನೀರು ನಿಂತರೆ ತುಕ್ಕು ಹಿಡಿಯುತ್ತದೆ, ಆದರೆ ಕಲ್ಲಿಗೆ ಬೇಗ ಹರಿತಗೊಳ್ಳುತ್ತದೆ. ತುಕ್ಕು ತಡೆಯುವ ಸ್ಟೇನ್‌ಲೆಸ್ ಉಕ್ಕನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತಯಾರಿಸಿದ್ದು ಬಂದೂಕಿನ ನಳಿಗೆಗಳ ಸವೆತ ತಡೆಯುವ ಹುಡುಕಾಟದಲ್ಲಿ. ಚಾಕು ತಯಾರಿಕೆಗೆ ಹೆಸರಾದ ಆ ಊರು ಅದನ್ನು ಅಡುಗೆಮನೆಗೂ ತಂದಿತು.

ಕಲ್ಲು, ಕಡ್ಡಿ, ಪಿಂಗಾಣಿ ಬಟ್ಟಲು

ಅಂಗಡಿಯ ಮಸೆಗಲ್ಲುಗಳಲ್ಲಿ ಹಲವು ಸಿಲಿಕಾನ್ ಕಾರ್ಬೈಡ್‌ನವು. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ಕೃತಕ ವಜ್ರ ಮಾಡಲು ಹೊರಟು ಈ ವಸ್ತುವನ್ನು ಪಡೆದು, ಕಾರ್ಬೊರಂಡಮ್ ಎಂದು ಹೆಸರಿಟ್ಟರು. ಕಲ್ಲಿನ ಮೇಲಿನ ಸಂಖ್ಯೆ ಅದರ ಕಣದ ಗಾತ್ರ ಹೇಳುತ್ತದೆ: 400ರ ಕೆಳಗೆ ಒರಟು, 1000 ಮನೆಬಳಕೆಗೆ ಸಾಕು, 3000ದ ಮೇಲಿನವು ನುಣುಪಿಗೆ. ಉದ್ದನೆಯ ಉಕ್ಕಿನ ಕಡ್ಡಿಯ ಕೆಲಸ ಬೇರೆ. ಅದು ಲೋಹವನ್ನು ಹೆಚ್ಚೇನೂ ತೆಗೆಯದೆ ಬಾಗಿದ ಬಾಯಿಯನ್ನು ನೆಟ್ಟಗೆ ಮಾಡುತ್ತದೆ. ವಾರಕ್ಕೊಮ್ಮೆ ಕಡ್ಡಿ ಅಥವಾ ಸೆರಾಮಿಕ್ ಗಂಡಿ ಬಳಸುವವರಿಗೆ ಒರಟು ಗಂಡಿ ತಿಂಗಳುಗಟ್ಟಲೆ ಬೇಕಾಗುವುದಿಲ್ಲ. ಏನೂ ಕೈಗೆ ಸಿಗದಾಗ ಪಿಂಗಾಣಿ ಬಟ್ಟಲನ್ನು ಕವುಚಿ, ಅದರ ಅಡಿಯಲ್ಲಿ ಹೊಳಪು ಹಚ್ಚದೆ ಬಿಟ್ಟ ಒರಟು ಬಳೆಯ ಮೇಲೆ ಚಾಕು ಮಸೆಯುವ ಅಜ್ಜಿಯರ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಸೆರಾಮಿಕ್ ಗಂಡಿಯಲ್ಲಿರುವುದೂ ಅದೇ ಜಾತಿಯ ವಸ್ತು. ಬಚ್ಚಲಿನ ಒಗೆಯುವ ಕಲ್ಲಿಗೆ ಉಜ್ಜುವುದು ಮಾತ್ರ ಬೇಡ, ಅದರ ಕಣಗಳು ಒಂದೇ ಸಮ ಇಲ್ಲದೆ ಬಾಯಿಯಲ್ಲಿ ಆಳವಾದ ಗೀರು ಬೀಳುತ್ತವೆ.

ಹರಿತ ಉಳಿಯಲು

ಪೆನ್ಸಿಲ್ ಹೆರೆದಂತೆ ಪ್ರತಿ ಸಾಣೆಗೂ ಚಾಕು ಒಂದಿಷ್ಟು ಸವೆಯುತ್ತದೆ, ಹಾಗಾಗಿ ಸಾಣೆಯ ಅಗತ್ಯವನ್ನೇ ದೂರ ಇಡುವುದು ಜಾಣತನ. ಹೆಚ್ಚಲು ಮರದ ಅಥವಾ ಪ್ಲಾಸ್ಟಿಕ್ ಹಲಗೆ ಇರಲಿ. ಹೆಚ್ಚಿದ ಪಲ್ಯವನ್ನು ಬಾಣಲೆಗೆ ತಳ್ಳುವಾಗ ಚಾಕುವಿನ ಬೆನ್ನಿನಿಂದ ತಳ್ಳಿ. ಚಮಚಗಳ ಜೊತೆ ಡ್ರಾಯರಿನಲ್ಲಿ, ಪಾತ್ರೆಗಳ ಜೊತೆ ಸಿಂಕಿನಲ್ಲಿ ಹಾಕಿದರೆ ಲೋಹಕ್ಕೆ ಲೋಹ ತಾಗಿ ಬಾಯಿ ಹೋಗುತ್ತದೆ, ತೊಳೆಯುವವರ ಕೈಗೂ ಅಪಾಯ. ಮನೆಗೆಲಸಕ್ಕೆ ಬರುವವರಿಗೆ ಹೇಳದೆ ಹೊಸದಾಗಿ ಸಾಣೆಯಾದ ಚಾಕುವನ್ನು ಸೋಪುನೀರಿನಲ್ಲಿ ಮುಳುಗಿಸಿಡುವುದಂತೂ ಅಕ್ಷಮ್ಯ.

ಸಾಣೆಯವರ ಕೈಗೆ ಕೊಡುವಾಗ

ಬಾಯಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ಕಚ್ಚು ಬಿದ್ದಿದ್ದರೆ, ಮೊನೆ ಮುರಿದಿದ್ದರೆ, ಅಲಗು ಸವೆದೂ ಸವೆದೂ ದಪ್ಪಗಾಗಿದ್ದರೆ ಕೈ ಶಾರ್ಪನರ್ ಸಾಲದು. ಸೈಕಲ್ಲಿಗೆ ಚಕ್ರ ಜೋಡಿಸಿಕೊಂಡು ಬೀದಿಯಲ್ಲಿ ಕೂಗುತ್ತಾ ಬರುವ ಸಾಣೆಯವರು ಈಗ ಅಪರೂಪವಾದರೂ, ಕತ್ತರಿ-ಚಾಕುಗಳಿಗೆ ಸಾಣೆ ಹಿಡಿಯುವ ಅಂಗಡಿಗಳು ಹಳೆಯ ಪೇಟೆ ಬೀದಿಗಳಲ್ಲಿ ಇನ್ನೂ ಇವೆ. ಕೊಡುವಾಗ ಒಂದು ಮಾತು ಹೇಳಿ: ಚಕ್ರಕ್ಕೆ ತುಂಬ ಹೊತ್ತು ಒತ್ತಿ ಹಿಡಿಯಬೇಡಿ, ನಡುನಡುವೆ ನೀರಲ್ಲಿ ಅದ್ದಿ. ಉಜ್ಜಾಟದ ಕಾವಿಗೆ ಅಂಚು ನೀಲಿಗೆ ತಿರುಗಿತೆಂದರೆ ಅಲ್ಲಿ ಉಕ್ಕಿನ ಹದ ಕೆಟ್ಟಿದೆ ಎಂದರ್ಥ. ಮೆದುವಾದ ಆ ಭಾಗ ಎಷ್ಟು ಸಾಣೆ ಹಿಡಿದರೂ ಹರಿತ ನಿಲ್ಲಿಸಿಕೊಳ್ಳುವುದಿಲ್ಲ. ಅದನ್ನು ಪೂರ್ತಿ ಸವೆಸಿ ತೆಗೆದು, ಒಳಗಿನ ಗಟ್ಟಿ ಉಕ್ಕಿನಲ್ಲಿ ಹೊಸ ಬಾಯಿ ತರಬೇಕಾಗುತ್ತದೆ.