ನಗರದ ಉದ್ಯಾನಗಳು: ಅಲಂಕಾರವಲ್ಲ, ಆರೋಗ್ಯದ ಆಸರೆ

ಬೆಂಗಳೂರಿಗೆ ‘ಉದ್ಯಾನ ನಗರಿ’ ಎಂಬ ಹೆಸರು ತಂದುಕೊಟ್ಟುದರಲ್ಲಿ ಎರಡು ತೋಟಗಳ ಪಾಲು ದೊಡ್ಡದು. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಉದ್ಯಾನಕ್ಕೆ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಇಂತಹ ಹಸಿರು ತಾಣಗಳಿಂದ ನಗರವಾಸಿಗಳಿಗೆ ದೊರೆಯುವ ಪ್ರಯೋಜನವೇನು?

ತಂಪು, ಶುದ್ಧ ಗಾಳಿ

ಕಾಂಕ್ರೀಟು ಮತ್ತು ಡಾಂಬರು ಹಗಲಿನ ಬಿಸಿಲನ್ನು ಹೀರಿಕೊಂಡು, ಸೂರ್ಯಾಸ್ತದ ಬಳಿಕವೂ ಶಾಖವನ್ನು ಹೊರಸೂಸುತ್ತವೆ. ಮರಗಳು ನೆರಳು ನೀಡುವುದಲ್ಲದೆ, ಎಲೆಗಳ ಮೂಲಕ ನೀರನ್ನು ಆವಿಯಾಗಿಸಿ ಸುತ್ತಲಿನ ಗಾಳಿಯನ್ನು ತಂಪಾಗಿಸುತ್ತವೆ. ಬೆಂಗಳೂರಿನ ಸಾಲುಮರಗಳ ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಧ್ಯಾಹ್ನದ ವೇಳೆ ಮರಗಳಿರುವ ರಸ್ತೆಗಳಲ್ಲಿ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈ ಉಷ್ಣತೆ 27.5 ಡಿಗ್ರಿವರೆಗೂ ಕಡಿಮೆಯಿತ್ತು. ಗಾಳಿಯಲ್ಲಿ ತೇಲುವ ದೂಳಿನ ಪ್ರಮಾಣವೂ ಇಳಿದಿತ್ತು. ಸಾಲುಮರಗಳಿಂದಲೇ ಇಷ್ಟು ಸಾಧ್ಯವಾದರೆ, ಮರಗಳಿಂದ ತುಂಬಿದ ಉದ್ಯಾನದ ಮಹತ್ವವನ್ನು ಊಹಿಸಬಹುದು.

ದೇಹಕ್ಕೂ ಮನಸ್ಸಿಗೂ

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಪರಿಶೀಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದ ರೋಗಿಗಳು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು; ಪ್ರಬಲ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾಗಿದ್ದವು. ಈ ವರದಿ 1984ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಸುಮಾರು 20 ಸಾವಿರ ಜನರನ್ನು ಆಧರಿಸಿದ 2019ರ ಅಧ್ಯಯನದಲ್ಲಿ, ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದ ನಡುವೆ ಕಳೆಯುವವರಲ್ಲಿ ಹೆಚ್ಚಿನವರು ತಮ್ಮ ಆರೋಗ್ಯ ಉತ್ತಮವಾಗಿದೆ ಎಂದು ತಿಳಿಸಿದ್ದರು. ಆರೋಗ್ಯವಂತರೇ ಹೆಚ್ಚು ಹೊರಗೆ ಸುತ್ತಾಡುವ ಸಾಧ್ಯತೆಯೂ ಇರುವುದರಿಂದ, ಇದನ್ನು ಕಾರ್ಯಕಾರಣ ಸಂಬಂಧದ ಅಂತಿಮ ಪುರಾವೆ ಎನ್ನಲಾಗದು. ಆದರೆ ನಡಿಗೆಯಿಂದ ಹೃದಯಕ್ಕೆ ಒಳಿತೆಂಬುದರಲ್ಲಿ ಸಂದೇಹವಿಲ್ಲ. ವಾಹನಗಳ ಭಯವಿಲ್ಲದೆ ನಡೆಯಲು ನಗರದಲ್ಲಿ ಉಳಿದಿರುವ ಜಾಗಗಳಾದರೂ ಎಷ್ಟು?

ಕಾನೂನಿನ ರಕ್ಷಣೆ

ಕರ್ನಾಟಕದಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೆ 1975ರ ಕಾಯ್ದೆಯೂ, ಉದ್ಯಾನ, ಆಟದ ಮೈದಾನ ಹಾಗೂ ಬಯಲು ಜಾಗಗಳಿಗೆ 1985ರ ಕಾಯ್ದೆಯೂ ಇವೆ. ಆದರೆ ಜಾಗ ಉಳಿದರಷ್ಟೇ ಸಾಲದು, ಬಾಗಿಲೂ ತೆರೆದಿರಬೇಕು. ಬೆಂಗಳೂರಿನಲ್ಲಿ ಪಾಲಿಕೆಯ ಉದ್ಯಾನಗಳು ಬಹುಕಾಲ ನಡುಹಗಲಿನಲ್ಲಿ ಮುಚ್ಚಿರುತ್ತಿದ್ದವು. ಅವುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ 2024ರಲ್ಲಿ ಹೊರಬಿತ್ತು. ಮುಂಜಾನೆಯ ವಾಯುವಿಹಾರಿಗಳಿಗೆ ಇದು ದೊಡ್ಡ ಬದಲಾವಣೆಯಲ್ಲ. ಬಿಸಿಲಿನಲ್ಲಿ ದುಡಿಯುವ ಪೌರಕಾರ್ಮಿಕರು, ತಳ್ಳುಗಾಡಿಯ ವ್ಯಾಪಾರಿಗಳು, ಮನೆಮನೆಗೆ ಸರಕು ತಲುಪಿಸುವ ಯುವಕರಿಗೆ ಮಾತ್ರ ಮಧ್ಯಾಹ್ನದ ನೆರಳಿನಲ್ಲಿ ಅರ್ಧ ಗಂಟೆ ಕೂರುವ ಅವಕಾಶ. ಉದ್ಯಾನದ ಅಗತ್ಯ ಹೆಚ್ಚಾಗಿರುವುದು ಅವರಿಗೇ.